ಐದು ಬೀಗದ ಕಂಪನಿಗಳು

ಜುಲೈ 7, ಸೋಮವಾರ

ಬೆಳಿಗ್ಗೆ ಎರಡು ಆಡಿಟಿಂಗ್ ಕ್ಲಾಸು. ವೋಚರ್ ಪರಿಶೀಲನೆ. ಹನ್ನೆರಡು ವರ್ಷದಿಂದ ಅದೇ ಪಾಠ, ಅದೇ ಜೋಕು, ಅದೇ ಜಾಗದಲ್ಲಿ ಹುಡುಗರ ನಗು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು. ಚಹಾ ಲೋಟ ಎತ್ತಿದ್ದೆ ಅಷ್ಟೇ, ಪ್ರಿನ್ಸಿಪಾಲರ ಕರೆ.

ಸ್ಟ್ರಾಟಜಿ ಹೇಳುತ್ತಿದ್ದ ಮೇಷ್ಟ್ರು ಕೈಕೊಟ್ಟರಂತೆ. ಎಲ್ಲೋ ಒಳ್ಳೆಯ ಕೆಲಸ ಸಿಕ್ಕಿತು, ಹೊರಟೇಬಿಟ್ಟರು. ಅಕೌಂಟಿಂಗ್ ಕೊನೆಯ ವರ್ಷದವರಿಗೆ ಬಿಸಿನೆಸ್ ಸ್ಟ್ರಾಟಜಿ ಕಡ್ಡಾಯ. ಈಗ ಹೇಳುವವರಿಲ್ಲ.

"ರೆಕಾರ್ಡ್ ಮಾಡಿರೋ ವಿಡಿಯೋ ಪಾಠ ತರಿಸ್ತಾ ಇದೀನಿ ಮೇಡಂ. ಅದು ಬರೋವರೆಗೆ ನೀವು ಸ್ವಲ್ಪ ನೋಡ್ಕೊಳ್ಳಿ. ಒಂದು ತಿಂಗಳ ಮಾತು."

"ಸರ್, ನನಗೆ ಅದರ ಗಂಧಗಾಳಿಯೂ ಇಲ್ಲ."

"ಹುಡುಗರಿಗೂ ಇಲ್ಲ. ಹೊಂದ್ಕೊಂಡು ಹೋಗುತ್ತೆ."

ಸಂಜೆ ಇವರಿಗೆ ಹೇಳಿದೆ. ಲಿಫ್ಟ್ ರಿಪೇರಿ ಮಾಡುವ ಸಾಮಾನಿನ ಚೀಲ ಕೆಳಗಿಟ್ಟು, ಕೈ ತೊಳೆಯುತ್ತಾ ಅಂದರು: "ತಪ್ಪು ಹುಡುಕೋದು ಬಿಟ್ಟು ಬೇರೆ ಏನಾದ್ರೂ ಮಾಡು ಅಂದ್ರೆ ನಿಂಗೆ ಕಷ್ಟವೇ. ಮದುವೆ ಆದಾಗಿಂದ ನಾನೇ ಸಾಕ್ಷಿ."

ಅತ್ತೆ ಒಳಗಿನಿಂದಲೇ ನಕ್ಕರು. ಮಗನ ಮಾತಿಗೆ ನಗುವುದಕ್ಕೆ ಮಾತ್ರ ಅವರ ಕಿವಿ ಚುರುಕು.

ಜುಲೈ 9, ಬುಧವಾರ

ಮೊದಲ ಕ್ಲಾಸು ಮುಗಿಯಿತು. ಬದುಕಿದೆ.

ಸ್ಟ್ರಾಟಜಿ ಅಂದರೆ ಮುಂದೆ ಯಾವ ದಾರಿ ಹಿಡಿಯಬೇಕು ಅಂತ ಆರಿಸಿಕೊಳ್ಳುವುದು — ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು. ಎರಡನೆಯ ಬೆಂಚಿನ ಹುಡುಗ ಕೈ ಎತ್ತಿದ. ಯಾವ ಲೆಕ್ಕಕ್ಕೂ ಬಿಂದು ಹಾಕಿ ಎರಡು ಸೊನ್ನೆ ಬರೆಯದೆ ಬಿಡದವನು. ಮೂರು ಅನ್ನಲಾರ, ಮೂರು ಪಾಯಿಂಟ್ ಸೊನ್ನೆ ಸೊನ್ನೆ ಅನ್ನುತ್ತಾನೆ. ಎಲ್ಲರೂ ಅವನನ್ನು ದಶಮಾಂಶ ಎಂದೇ ಕರೆಯುತ್ತಾರೆ.

"ಮೇಡಂ, ಉತ್ತರ ಸರಿ ಬಂತು ಅಂತ ಗೊತ್ತಾಗೋದು ಹೇಗೆ?"

"ಆಗಲೇ ಗೊತ್ತಾಗಲ್ಲ."

ಲೆಕ್ಕದ ಪುಸ್ತಕದ ಎಡಬಲ ಎರಡೂ ಕಡೆ ಸಮ ಬಂದರೆ ಮಾತ್ರ ಅನ್ನ ಇಳಿಯುವ ಮಕ್ಕಳು ಇವು. ಮೊದಲ ಬೆಂಚಿನ ತುದಿಯ ಹುಡುಗಿ 'ಗೊತ್ತಾಗಲ್ಲ' ಎಂದು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದಳು, ಕೆಂಪು ಪೆನ್ನಿನಲ್ಲಿ. ಆ ಪೆನ್ನು ಅವಳ ಕೈ ಬಿಟ್ಟದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ನನ್ನ ಹಾಜರಿ ಪಟ್ಟಿಯ ಮೊತ್ತ ತಪ್ಪೆಂದು ತೋರಿಸಿದ್ದೂ ಇವಳೇ. ಮನಸ್ಸಿನಲ್ಲಿ ಇವಳಿಗೆ ಕೆಂಪು ಪೆನ್ನು ಎಂದೇ ಹೆಸರು.

ನಿಜ ಹೇಳಬೇಕೆಂದರೆ ನನಗೂ ಅವರದೇ ಸಂಕಟ. ಉತ್ತರವಿಲ್ಲದ ಪಾಠವೂ ಒಂದು ಪಾಠವೇ? ವಿಡಿಯೋ ಬೇಗ ಬರಲಿ.

ಜುಲೈ 14, ಸೋಮವಾರ

ಪುಸ್ತಕ ಮುಚ್ಚಿಟ್ಟೆ. ಒಂದು ಆಟ ಹೂಡಿದೆ. ಕ್ಲಾಸನ್ನು ಐದು ಕಂಪನಿ ಮಾಡಿ, ಐವರೂ ಬೀಗ ತಯಾರಿಸಿ ಮಾರಬೇಕು ಎಂದೆ. ಕಬ್ಬಿಣದ ಬೆಲೆ, ಕೂಲಿ, ಬಾಡಿಗೆ ಎಲ್ಲರಿಗೂ ಒಂದೇ. ಎಂಥ ಬೀಗ, ಯಾರಿಗೆ, ಎಷ್ಟಕ್ಕೆ — ಅದು ನಿಮ್ಮಿಷ್ಟ. ಒಬ್ಬರದು ಒಬ್ಬರು ನೋಡಬಾರದು. ದೂರ ದೂರ ಕೂರಿಸಿದೆ.

ಅವರು ಬರೆದುಕೊಟ್ಟ ಚೀಟಿ ಬಿಚ್ಚಿದೆ. ಐದರಲ್ಲೂ ಅದೇ ಬೀಗ. ಅದೇ ಗಿರಾಕಿ — 'ಸಾರ್ವಜನಿಕರು'. ಅದೇ ಬೆಲೆ, ಪೈಸೆ ಸಮೇತ. ಖರ್ಚಿನ ಮೇಲೆ ಇಪ್ಪತ್ತು ಪರ್ಸೆಂಟು ಸೇರಿಸಿ ಗೆರೆ ಎಳೆದಿದ್ದಾರೆ. ನಕಲು ಮಾಡಿಲ್ಲ, ದೇವರಾಣೆಗೂ ಮಾಡಿಲ್ಲ.

"ಹೀಗಾದ್ರೆ ಗಿರಾಕಿ ಯಾರ ಹತ್ರ ಹೋಗ್ಬೇಕಪ್ಪಾ?"

"ಐದರಲ್ಲಿ ಒಂದು ಪಾಲು ಮೇಡಂ," ಅಂದ ದಶಮಾಂಶ. "ಎಲ್ಲರಿಗೂ ಇಪ್ಪತ್ತು ಪಾಯಿಂಟ್ ಸೊನ್ನೆ ಸೊನ್ನೆ ಪರ್ಸೆಂಟು."

ಐದೂ ಕಂಪನಿಯವರು ಒಬ್ಬರ ಮುಖ ಒಬ್ಬರು ನೋಡಿ ಸಮಾಧಾನದ ಉಸಿರು ಬಿಟ್ಟರು. ಸರಿ ಬಂತಲ್ಲ, ಎಲ್ಲರದೂ ಒಂದೇ ಬಂತಲ್ಲ ಎಂದು. ನಗು ತಡೆಯಲಾರದೆ ಬೋರ್ಡಿನ ಕಡೆ ತಿರುಗಿದೆ. ಡಸ್ಟರ್ ಹಿಡಿದು ಏನೂ ಬರೆಯದಿದ್ದ ಬೋರ್ಡನ್ನು ಒರೆಸಿದೆ.

ಜುಲೈ 16, ಬುಧವಾರ

ಪ್ರತಿ ಕಂಪನಿಯೂ 'ನಾವು ಇದನ್ನು ಮಾಡುವುದಿಲ್ಲ' ಎಂದು ಒಂದು ಮಾತು ಬರೆದುಕೊಡಿ ಎಂದೆ. ಯಾರನ್ನು ಬಿಡುತ್ತೀರಿ, ಯಾವ ಬೀಗ ಬಿಡುತ್ತೀರಿ — ಬಿಡದೆ ಆಯ್ಕೆ ಎಲ್ಲಿಂದ?

ಬಂದ ಉತ್ತರ. ಒಂದನೆಯ ಕಂಪನಿ: ನಾವು ನಷ್ಟ ಮಾಡುವುದಿಲ್ಲ. ಎರಡು: ತೆರಿಗೆ ತಪ್ಪಿಸುವುದಿಲ್ಲ. ಮೂರು: ಲೆಕ್ಕ ಬರೆಯಲು ತಡಮಾಡುವುದಿಲ್ಲ. ನಾಲ್ಕು, ಐದು: ಯಾವ ಗಿರಾಕಿಯನ್ನೂ ಬಿಡುವುದಿಲ್ಲ.

ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಆಚೆ ಸರಿದು ಕುಳಿತರು.

ಆದರೂ... ಈ ಹುಡುಗರಿಗೆ ಇದನ್ನು ಮುಟ್ಟಿಸುವುದು ಹೇಗೆ? ಅನ್ನ ಬಡಿಸುವಾಗಲೂ ಅದೇ ಯೋಚನೆ. ಹನ್ನೆರಡು ವರ್ಷದಲ್ಲಿ ಆಡಿಟಿಂಗ್ ಬಗ್ಗೆ ಊಟದ ಹೊತ್ತಿನಲ್ಲಿ ಯೋಚಿಸಿದ ನೆನಪಿಲ್ಲ.

ಜುಲೈ 19, ಶನಿವಾರ, ಸಂಜೆ

ಅತ್ತೆಯ ಜೊತೆ ರಮ್ಮಿ. ಎಪ್ಪತ್ತನಾಲ್ಕು ವಯಸ್ಸು, ಮಂಡಿ ನೋವು, ಮರೆವು — ಎಲೆ ಕೈಗೆ ಬಂದರೆ ಎಲ್ಲವೂ ಮಾಯ. ಮೂರು ಆಟ ಸೋತೆ. ಕೈಯಲ್ಲಿ ಚೆಂದದ ಎಲೆಗಳು, ಯಾವುದನ್ನೂ ಬಿಡಲು ಮನಸ್ಸಿಲ್ಲ. ಯಾವುದನ್ನು ಬಿಸಾಡಲಿ ಎಂದು ಲೆಕ್ಕ ಹಾಕುತ್ತಾ ಕುಳಿತೆ.

"ಎಷ್ಟು ಹೊತ್ತೇ? ಎತ್ಕೊಂಡ್ಯಲ್ಲ, ಒಂದು ಬಿಡು. ಬಂದಿದ್ದೆಲ್ಲಾ ಇಟ್ಕೋತೀನಿ ಅಂದ್ರೆ ಅದು ಆಟ ಅಲ್ಲ, ಗುಜರಿ ಅಂಗಡಿ."

ಎಲೆಗಳನ್ನು ಕೆಳಗಿಟ್ಟು ಎದ್ದು ಹೋಗಿ ಅತ್ತೆಯ ಕೆನ್ನೆ ಹಿಂಡಿದೆ. ಗಾಬರಿಯಾದರು. ಮಗನನ್ನು ಕೂಗಿ, "ನಿನ್ನ ಹೆಂಡ್ತಿಗೆ ಏನಾಗಿದೆ ನೋಡೋ, ಸೋತಿದ್ದಕ್ಕೆ ಮುದ್ದು ಮಾಡ್ತಾಳೆ" ಎಂದರು. ನಾನು ನೋಡುವಷ್ಟರಲ್ಲಿ ನಾನು ಕೆಳಗಿಟ್ಟ ಎಲೆಗಳಲ್ಲಿ ಎರಡು ಅವರ ಕೈ ಸೇರಿದ್ದವು.

ಜುಲೈ 21, ಸೋಮವಾರ

ಐದು ಕಟ್ಟು ಇಸ್ಪೀಟು ಕ್ಲಾಸಿಗೆ ಒಯ್ದೆ. ನಿಯಮ ಒಂದೇ: ಒಂದು ಎತ್ತಿದರೆ ಒಂದು ಬಿಡಬೇಕು, ಬಿಡುವಾಗ ಯಾಕೆ ಬಿಟ್ಟೆ ಅಂತ ಜೋರಾಗಿ ಹೇಳಬೇಕು. ಮೊದಲು ಪಿಸುಪಿಸು. ಆಮೇಲೆ ಗಲಾಟೆ. ದಶಮಾಂಶ ಒಂದು ರಾಣಿಯನ್ನು ಬಿಡಲಾರದೆ ಬೆವರಿದ. "ಬಿಡೋ ಮಾರಾಯ, ರಾಣಿ ಕಾಯ್ತಾ ಕೂತ್ರೆ ಆಟ ಮುಗಿದುಹೋಗುತ್ತೆ" — ಪಕ್ಕದವನು. ಅವನು ಬಿಟ್ಟ. ಬಿಟ್ಟು, ಸುತ್ತ ನೋಡಿ, ನಕ್ಕ. ಆ ಮುಖ ನೋಡಬೇಕಿತ್ತು.

ಆಗಲೇ ಬಾಗಿಲಲ್ಲಿ ಪ್ರಿನ್ಸಿಪಾಲರು.

ಐದು ಗುಂಪು. ಎಲ್ಲರ ಕೈಯಲ್ಲೂ ಎಲೆ. ಮೇಜಿನ ಮೇಲೆ ನಾನು ಕಾಲು ಇಳಿಬಿಟ್ಟು ಕುಳಿತು "ಬಿಡು, ಬಿಡು" ಅನ್ನುತ್ತಿದ್ದೇನೆ. ಜೀವ ಬಾಯಿಗೆ ಬಂತು.

ಆಫೀಸಿನಲ್ಲಿ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ವಿಡಿಯೋದವರಿಗೆ ಈ ವಾರವೇ ಹೇಳ್ತೀನಿ ಮೇಡಂ. ನಿಮಗೂ ಹೊರೆ ಇಳಿಯುತ್ತೆ" ಅಂದರು. ನಾನು ಬೇಡಿಕೊಂಡಿದ್ದೇ ಇದು. 'ಆಯ್ತು ಸರ್' ಅಂದು ಎದ್ದು ಬಂದರೆ ಮುಗಿಯುತ್ತಿತ್ತು.

"ಬೇಡ ಸರ್," ಅಂದೆ.

ಅವರು ಕನ್ನಡಕ ತೆಗೆದರು. ನಾನೂ ತೆಗೆಯುತ್ತಿದ್ದೆ, ಇದ್ದಿದ್ದರೆ.

"ಒಂದು ಕ್ಲಾಸು ಕೂತು ನೋಡಿ. ಆಮೇಲೂ ವಿಡಿಯೋನೇ ವಾಸಿ ಅನ್ನಿಸಿದ್ರೆ ತರಿಸಿ. ನಾನು ಮಾತಾಡಲ್ಲ."

ಮೂವತ್ತನೇ ತಾರೀಕು. ಅವರೂ ಬರುತ್ತಾರೆ, ಹೊಸ ಟ್ರಸ್ಟಿಯನ್ನೂ ಕರೆತರುತ್ತಾರೆ. ಹಿಂದೆ ಪ್ಲಾಸ್ಟಿಕ್ ಬಕೆಟ್ ಫ್ಯಾಕ್ಟರಿ ಇಟ್ಟಿದ್ದವರಂತೆ. ಆ ದಿನ ಕೆಟ್ಟರೆ ಕ್ಲಾಸು ಕೈತಪ್ಪಿದ ಹಾಗೆ. ಎರಡು ವಾರದ ಹಿಂದೆ ಬೇಡವಾಗಿತ್ತು. ನನಗೆ ಈ ಕ್ಲಾಸು ಬೇಕು.

ಜುಲೈ 25, ಶುಕ್ರವಾರ

ಐದು ಕಂಪನಿ, ಐದು ಬೀಗ. ಕೊನೆಗೂ.

ಕೆಂಪು ಪೆನ್ನಿನ ಗುಂಪು ಅಂಗಡಿ ಶಟರಿನ ದೊಡ್ಡ ಬೀಗ. ದಶಮಾಂಶನದು ಸೈಕಲ್ಲಿನದು. ಒಂದು ಗುಂಪು ಸೂಟ್‌ಕೇಸಿಗೆ, ಒಂದು ಗುಂಪು ಕಪಾಟಿಗೆ. ಹಿಂದಿನ ಬೆಂಚಿನವರು ಮಾತ್ರ ನಂಬರ್ ಒತ್ತುವ ಬೀಗ. ಕೀ ಕಳೆದುಕೊಳ್ಳುವವರೇ ಅವರ ಗಿರಾಕಿಗಳಂತೆ. "ನಮ್ಮ ಮನೇಲೇ ಮೂರು ಜನ ಇದಾರೆ ಮೇಡಂ."

ಸೈಕಲ್ ಎಷ್ಟು ಜನರ ಹತ್ತಿರ ಇರಬಹುದು ಎಂಬ ಮಾತು ಬಂದಾಗ ದಶಮಾಂಶ ಕಣ್ಣು ಮುಚ್ಚಿ, ನೀರಿಗೆ ಧುಮುಕುವವನ ಹಾಗೆ ಉಸಿರೆಳೆದು, "ಸುಮಾರು ಅರ್ಧ" ಅಂದ. ಸುಮಾರು. ಅವನ ಬಾಯಲ್ಲಿ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಈ ಸಂತೋಷವನ್ನು ಯಾರಿಗೆ ಹೇಳುವುದು? ಇವರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಆ ಹುಡುಗ ಈಗ ಪಾಸಾ?" ಅಂದರು.

ಜುಲೈ 30, ಬುಧವಾರ, ಬೆಳಿಗ್ಗೆ

ಇಸ್ತ್ರಿ ಸೀರೆ. ಮಗಳು ನೋಡಿ, "ಅಮ್ಮ, ನೀನು ಪರೀಕ್ಷೆಗೆ ಹೋಗ್ತಿರೋ ಹಾಗಿದೀಯ" ಅಂದಳು. ಹೌದು ಕಣೇ.

ಅದೇ ದಿನ, ಸಂಜೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು, ಪಕ್ಕದಲ್ಲಿ ಟ್ರಸ್ಟಿ. ತೆಳ್ಳಗಿನ ಮನುಷ್ಯ, ಮುಖದಲ್ಲಿ ಏನೂ ತೋರುವುದಿಲ್ಲ. ಆಟದ ಕೊನೆಯ ಸುತ್ತು. ಐದು ಕಂಪನಿಯೂ ಬೆಲೆಯ ಚೀಟಿ, ಲೆಕ್ಕದ ಹಾಳೆ ಕೊಡಬೇಕು. ನಾನು ಬೋರ್ಡಿನ ಮೇಲೆ ಬರೆಯಬೇಕು. ಕಡಿಮೆ ಬೆಲೆಯವರಿಗೆ ಗಿರಾಕಿ, ನಷ್ಟವಾದವರು ಆಟದಿಂದ ಹೊರಗೆ.

ಬರೆದೆ. ಕ್ಲಾಸು 'ಹೋ' ಅಂದಿತು. ದಶಮಾಂಶನ ಸೈಕಲ್ ಬೀಗದ ಕಂಪನಿ ಸದ್ದಿಲ್ಲದೆ ಅಂಗಡಿ ಬೀಗಕ್ಕೂ ಕೈ ಹಾಕಿದೆ. ಬೆಲೆ, ಕೆಂಪು ಪೆನ್ನಿನ ಬೆಲೆಗಿಂತ ಕಾಲು ಭಾಗ ಕಡಿಮೆ. ಟ್ರಸ್ಟಿ ಮುಂದಕ್ಕೆ ಬಾಗಿದರು. ನನಗೆ ಒಳಗೊಳಗೇ ಹಿಗ್ಗು — ಇದೇ ಬೇಕಿತ್ತು, ಪೈಪೋಟಿ ಅಂದರೆ ಇದು.

ಕೆಂಪು ಪೆನ್ನು ಬೋರ್ಡು ನೋಡಿದಳು. ನಂತರ ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ದಶಮಾಂಶನ ಲೆಕ್ಕದ ಹಾಳೆ. ಅವಳ ಹುಬ್ಬು ಗಂಟಿಕ್ಕಿತು. ಆ ಹುಬ್ಬು ನನಗೆ ಗೊತ್ತು.

ಅವಳು ಸುಮ್ಮನಿದ್ದರೆ ಸಾಕಿತ್ತು. ಆ ಬೆಲೆಗೆ ಮಾರಿ ದಶಮಾಂಶ ಇದೇ ಸುತ್ತಿನಲ್ಲಿ ಮುಳುಗುತ್ತಿದ್ದ, ಅಂಗಡಿ ಬೀಗದ ಮಾರುಕಟ್ಟೆ ಇವಳೊಬ್ಬಳದೇ. ಎದ್ದು ನಿಂತಳು.

"ಮೇಡಂ, ಒಂದು ನಿಮಿಷ. ಅವರು ಬೀಗದ ಖರ್ಚು ಹಾಕಿದಾರೆ, ಕೀಗಳ ಖರ್ಚು ಬಿಟ್ಟಿದಾರೆ."

ಅಷ್ಟೇ. ಆಟ ಗೀಟ ಎಲ್ಲ ಮರೆತುಹೋಯಿತು. ಐದೂ ಕಂಪನಿಯವರು ಎದ್ದು ದಶಮಾಂಶನ ಮೇಜಿನ ಸುತ್ತ ಮುತ್ತಿಕೊಂಡರು. ಒಂದು ಬೀಗಕ್ಕೆ ಕೀ ಎಷ್ಟು, ಎರಡಾ, ಮೂರಾ? ಕಂಬಿ ಎಷ್ಟು ಬೇಕು? ಒಬ್ಬ ಕೂಡುತ್ತಾನೆ, ಇನ್ನೊಬ್ಬಳು ಅದನ್ನು ಮತ್ತೆ ಕೂಡಿ ನೋಡುತ್ತಾಳೆ. ಕೀ ಇಲ್ಲದ ನಂಬರ್ ಬೀಗದವರು ಕೂಡ ಕೀ ಲೆಕ್ಕ ಹಾಕುತ್ತಿದ್ದಾರೆ. ಎದುರಾಳಿಯ ತಪ್ಪು ತಿದ್ದಲು ಇಡೀ ಕ್ಲಾಸು ಹೆಗಲು ಕೊಟ್ಟಿದೆ. ದಶಮಾಂಶ ಕಿವಿ ಕೆಂಪಾಗಿ, "ಥ್ಯಾಂಕ್ಸ್, ಥ್ಯಾಂಕ್ಸ್" ಅನ್ನುತ್ತಾ ಹೊಸ ಬೆಲೆ ಬರೆದುಕೊಳ್ಳುತ್ತಿದ್ದಾನೆ.

ಬೋರ್ಡಿಗೆ ಒರಗಿದೆ. ಹೋಯಿತು. ಮೂರು ವಾರದ ಕೆಲಸ ನೀರಿನಲ್ಲಿ ಹೋಮ. ಪ್ರಿನ್ಸಿಪಾಲರು ಗೋಡೆಯ ಗಡಿಯಾರ ನೋಡಿದರು.

ಟ್ರಸ್ಟಿ ಎದ್ದರು. "ಏನಮ್ಮಾ, ಎದುರಾಳಿ ಮುಳುಗ್ತಾ ಇದ್ದ. ನೀನು ಕೈ ಹಿಡಿದು ಮೇಲೆ ಎಳೆದೆ. ಇದೇನಾ ಸ್ಟ್ರಾಟಜಿ?"

ಕೆಂಪು ಪೆನ್ನು ನನ್ನ ಕಡೆ ನೋಡಿದಳು. ಪೆನ್ನಿನ ಕ್ಯಾಪು ತೆಗೆದಳು, ಹಾಕಿದಳು.

"ಮುಳುಗ್ತಾರೆ ಸಾರ್. ಆದ್ರೆ ಮುಳುಗೋ ಮುಂಚೆ ಆ ಬೆಲೆ ಗಿರಾಕಿ ತಲೇಲಿ ಕೂತುಬಿಡುತ್ತೆ. ಆಮೇಲೆ ನಾವು ಯಾವ ಬೆಲೆ ಹೇಳಿದ್ರೂ ನಾವೇ ಕಳ್ಳರು. ಲೆಕ್ಕ ಬರದವರ ಎದುರು ವ್ಯಾಪಾರ ಮಾಡೋಕಿಂತ, ಲೆಕ್ಕ ಬರೋರ ಎದುರು ಮಾಡೋದು ವಾಸಿ."

"ಹಾಗಂತ ಎಲ್ಲಾರೂ ಸೇರ್ಕೊಂಡು ಬೆಲೆ ಏರಿಸ್ತೀರಾ?"

"ಇಲ್ಲ ಸಾರ್, ಅದು ಕಾನೂನಿಗೆ ವಿರುದ್ಧ. ಬೆಲೆ ಅವರೇ ಇಟ್ಕೊಳ್ಳಲಿ. ಕೀ ಮಾತ್ರ ಲೆಕ್ಕಕ್ಕೆ ತಗೊಳ್ಳಲಿ."

ಟ್ರಸ್ಟಿ ಬೆಂಚಿನ ಮೇಲೆ ಕುಳಿತುಬಿಟ್ಟರು.

"ನನ್ನ ಬಕೆಟ್ ಫ್ಯಾಕ್ಟರಿ ಮುಚ್ಚಿದ್ದು ಯಾಕೆ ಗೊತ್ತಾ? ಪಕ್ಕದ ಫ್ಯಾಕ್ಟರಿಯವನು ಹಿಡಿಕೆ ಲೆಕ್ಕಕ್ಕೇ ಹಾಕಿರಲಿಲ್ಲ. ಬಕೆಟ್ಟಿನ ಬೆಲೆಗೆ ಹಿಡಿಕೆ ಸಮೇತ ಮಾರ್ದ. ಅವನೂ ಹೋದ, ನಾನೂ ಹೋದೆ. ಆಗ ನೀವು ಯಾರೂ ಇರ್ಲಿಲ್ಲವಲ್ಲ, ಹೋಗಿ ಅವನಿಗೆ ಹೇಳೋಕೆ."

ಎಂದು ನಗಲು ಶುರು ಮಾಡಿದರು. ತೆಳ್ಳಗಿನ ಮನುಷ್ಯ ಇಷ್ಟು ದೊಡ್ಡದಾಗಿ ನಗಬಲ್ಲರೆಂದು ಯಾರಿಗೆ ಗೊತ್ತಿತ್ತು? ಕ್ಲಾಸು ನಕ್ಕಿತು. ಪ್ರಿನ್ಸಿಪಾಲರು ಟ್ರಸ್ಟಿ ನಗುವುದನ್ನು ಖಚಿತಪಡಿಸಿಕೊಂಡು ನಕ್ಕರು. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ, ಸೀಮೆಸುಣ್ಣದ ಪುಡಿ ಎಂದೆ.

ಆಗಸ್ಟ್ 1, ಶುಕ್ರವಾರ

ಕೆಂಪು ಪೆನ್ನು ಸ್ಟಾಫ್ ರೂಮಿಗೆ ಬಂದಳು. ಬಾಗಿಲಲ್ಲೇ ನಿಂತು ತಡವರಿಸಿದಳು.

"ಮೇಡಂ, ಒಂದು ವಿಷಯ. ನಾನು ಎದ್ದು ನಿಂತಾಗ ಅದೆಲ್ಲಾ ಹೊಳೆದಿರ್ಲಿಲ್ಲ. ತಪ್ಪು ಕಾಣಿಸ್ತು, ಸುಮ್ನಿರೋಕೆ ಆಗ್ಲಿಲ್ಲ, ಅಷ್ಟೇ. ಕಾರಣ ಅವರು ಕೇಳಿದ ಮೇಲೆ ಹುಟ್ಟಿದ್ದು."

"ಮತ್ತೆ ಈಗ್ಯಾಕೆ ಹೇಳ್ತಿದೀಯ?"

"ಸರಿ ಅನ್ನಿಸ್ಲಿಲ್ಲ. ನಾನು ಮೊದಲೇ ಯೋಚಿಸಿದ್ದೆ ಅಂತ ಎಲ್ಲಾರೂ ಅಂದ್ಕೊಂಡಿದಾರೆ."

ಇವಳು ತನ್ನ ಗೆಲುವಿಗೂ ಕೆಂಪು ಗೆರೆ ಎಳೆಯುತ್ತಾಳೆ. ಕೂರಿಸಿ ಚಹಾ ಕೊಟ್ಟೆ. ದೊಡ್ಡ ದೊಡ್ಡ ಕಂಪನಿಗಳೂ ಹಾಗೇ ಕಣೇ, ಮೊದಲು ಕೈ ಓಡುತ್ತದೆ, ಕಾರಣವನ್ನು ಆಮೇಲೆ ಯಾರೋ ಅಚ್ಚುಕಟ್ಟಾಗಿ ಬರೆದಿಡುತ್ತಾರೆ ಎಂದೆ. ಅವಳು ಅದನ್ನೂ ಬರೆದುಕೊಳ್ಳಲು ಹೊರಟಳು. ಬೇಡ ಅಂದೆ.

ಆಗಸ್ಟ್ 4, ಸೋಮವಾರ

ವಿಡಿಯೋ ಇಲ್ಲ. ಕ್ಲಾಸು ಉಳಿಯಿತು.

ಜೊತೆಗೆ ಇನ್ನೊಂದು. ಟ್ರಸ್ಟಿ ಕೊನೆಯ ಎರಡೂ ವರ್ಷಕ್ಕೆ ಈ ಪೇಪರು ಇರಲಿ ಅಂದಿದ್ದಾರಂತೆ. ಅಷ್ಟು ಗಂಟೆ ಎಲ್ಲಿಂದ ತರುವುದು? ಪ್ರಿನ್ಸಿಪಾಲರು ಟೈಮ್‌ಟೇಬಲ್ ನನ್ನ ಕಡೆ ತಿರುಗಿಸಿದರು. "ಆಡಿಟಿಂಗ್, ಇಲ್ಲಾ ಸ್ಟ್ರಾಟಜಿ, ಯಾವುದಾದ್ರೂ ಒಂದು ಮೇಡಂ. ಇನ್ನೊಂದಕ್ಕೆ ಹೊಸಬರನ್ನ ತಗೋತೀವಿ. ಯೋಚಿಸಿ ಹೇಳಿ."

ಎರಡೂ ಮಾಡ್ತೀನಿ ಸರ್, ಭಾನುವಾರ ಬೇಕಾದರೆ ಬರ್ತೀನಿ — ಎಂದು ಬಾಯಿಯವರೆಗೆ ಬಂತು. ಯಾವ ಗಿರಾಕಿಯನ್ನೂ ಬಿಡುವುದಿಲ್ಲ ಎಂದು ಬರೆದುಕೊಟ್ಟವರನ್ನು ನೋಡಿ ನಕ್ಕವಳು ನಾನೇ.

ಆಗಸ್ಟ್ 11, ಸೋಮವಾರ

ಒಂದು ವಾರ ಬರೆಯಲಿಲ್ಲ. ಬರೆದರೆ ತೀರ್ಮಾನಿಸಬೇಕಾಗುತ್ತದೆ ಎಂಬ ಭಯ.

ಆಡಿಟಿಂಗ್ ಅಂದರೆ ನಾನು. ಕಣ್ಣು ಮುಚ್ಚಿ ನಡೆಯುವ ದಾರಿ. ಹಳೆಯ ಹುಡುಗರು ಎಲ್ಲೇ ಸಿಗಲಿ, 'ನಮ್ಮ ಆಡಿಟಿಂಗ್ ಮೇಡಂ' ಅನ್ನುತ್ತಾರೆ. ಅದನ್ನು ಬಿಟ್ಟು ಐದು ವಾರದ ಪರಿಚಯದ ಪಾಠ ಹಿಡಿಯುವುದೇ? ನಾಳೆ ಹುಡುಗರು ಕೇಳುವ ಪ್ರಶ್ನೆಗೆ ನಾಳೆಯೇ ತಲೆ ಕೆಡಿಸಿಕೊಳ್ಳಬೇಕು.

ಇಂದು ಕುಳಿತು ಪಟ್ಟಿ ಮಾಡಿದೆ. ಅನುಭವ, ಶ್ರಮ, ಫಲಿತಾಂಶ, ಆರೋಗ್ಯ, ಬಡ್ತಿ — ಪ್ರತಿಯೊಂದಕ್ಕೂ ಅಂಕ ಕೊಟ್ಟೆ, ಪ್ರಾಮಾಣಿಕವಾಗಿ. ಆಡಿಟಿಂಗ್ 61. ಸ್ಟ್ರಾಟಜಿ 58.

ಮತ್ತೆ ಕೂಡಿದೆ. 61, 58. ಕೆಳಗಿನಿಂದ ಮೇಲಕ್ಕೆ ಕೂಡಿದೆ. ತಪ್ಪು ಎಲ್ಲಾದರೂ ಇರಲೇಬೇಕು ಎಂದು ಮಗಳ ಕೈಯಲ್ಲಿ ಕೂಡಿಸಿದೆ. ಸರಿಯಾಗೇ ಇದೆ. ಹಾಳಾದ್ದು.

ಇವರು ಇಣುಕಿ ನೋಡಿ, "ಮೊತ್ತ ಸರಿ ಇದ್ದಿದ್ದಕ್ಕೆ ನೀನು ಅಳುಮುಖ ಮಾಡಿದ್ದು ಇದೇ ಮೊದಲು" ಎಂದರು. ಹೇಳಿ, ಚಹಾ ಮಾಡಲು ಹೋದರು.

ನಾನು ಆ ಹಾಳೆಯನ್ನೇ ನೋಡುತ್ತಾ ಕುಳಿತಿದ್ದೆ.

ಆಗಸ್ಟ್ 13, ಬುಧವಾರ, ಮಧ್ಯಾಹ್ನ

ಸ್ಟಾಫ್ ರೂಮು. ಈಗಷ್ಟೇ ಹೇಳಿ ಬಂದೆ.

ಪ್ರಿನ್ಸಿಪಾಲರು "ಯಾವುದು ಮೇಡಂ?" ಎಂದು ಕೇಳಿ ಮುಗಿಸಿರಲಿಲ್ಲ. "ಸ್ಟ್ರಾಟಜಿ" ಅಂದುಬಿಟ್ಟೆ. ಅಂದ ವೇಗಕ್ಕೆ ನನಗೇ ಗಾಬರಿ. ಅವರಿಗೂ ಗಾಬರಿ. "ಹನ್ನೆರಡು ವರ್ಷದ ಆಡಿಟಿಂಗ್ ಬಿಡ್ತೀರಾ?" "ಬಿಡ್ತೀನಿ ಸರ್." ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಕಾಲು ನೆಲದ ಮೇಲೆ ಇರಲಿಲ್ಲ. ಎದುರಿಗೆ ಬಂದ ಲೈಬ್ರರಿಯವರಿಗೆ ಸುಮ್ಮಸುಮ್ಮನೆ ನಮಸ್ಕಾರ ಮಾಡಿದೆ.

ಫೈಲಿಗೆ ಕಾರಣ ಬರೆದುಕೊಡಬೇಕಂತೆ, ಇಂದೇ. ಪಟ್ಟಿ ಕೊಡುವ ಹಾಗಿಲ್ಲ, ಅದು ಬೇರೆ ಮಾತು ಹೇಳುತ್ತದೆ. 'ವಿಷಯದ ಮೇಲಿನ ಆಸಕ್ತಿ' ಎಂದು ಬರೆದೆ, ಹೊಡೆದುಹಾಕಿದೆ. 'ಸಂಸ್ಥೆಯ ಹಿತದೃಷ್ಟಿಯಿಂದ' — ಅದನ್ನೂ. ಅವು ಸುಳ್ಳಲ್ಲ, ಆದರೆ ನನ್ನವೂ ಅಲ್ಲ.

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಫೈಲಿಗೆ ಅಚ್ಚುಕಟ್ಟು ಮಾಡಿದರಾಯಿತು.

ಬೆಲ್ ಹೊಡೆಯಿತು. ಬೀಗದ ಕಂಪನಿಗಳ ಕ್ಲಾಸಿನದೇ. ವರಾಂಡದಲ್ಲಿ ಆಗಲೇ ಜಗಳ ಕೇಳಿಸುತ್ತಿದೆ, ಯಾರೋ ಬೆಲೆ ಇಳಿಸಬೇಕು ಅನ್ನುತ್ತಾರೆ, ಯಾರೋ ಕೂಡದು ಅನ್ನುತ್ತಾರೆ.

ಕಾರಣ ಒಂದು: ಈ ಬೆಲ್ ಹೊಡೆದರೆ ನಾನು ಕುಳಿತಲ್ಲಿ ಕೂರಲಾ—